ಕೊಟ್ಟವರ ಮುಖ ನೋಡದೆ ಉಣ್ಣುವುದು

ಚಾಮರಾಜಪೇಟೆಯ ಒಂದು ಆಡಿಟ್ ಕಚೇರಿಯಲ್ಲಿ ನನ್ನ ನೌಕರಿ ಕಳೆಯಿತು. ಬಟ್ಟೆ ಅಂಗಡಿ, ಸಹಕಾರ ಸಂಘ, ಅಕ್ಕಿ ಮಂಡಿಗಳ ಲೆಕ್ಕದ ಜೊತೆಗೆ ಬಸವನಗುಡಿ, ಶಂಕರಪುರ, ವಿಶ್ವೇಶ್ವರಪುರದ ಸಣ್ಣಪುಟ್ಟ ಧರ್ಮಸಂಸ್ಥೆಗಳ ಲೆಕ್ಕವೂ ನಮ್ಮಲ್ಲಿಗೆ ಬರುತ್ತಿತ್ತು. ಧರ್ಮಸಂಸ್ಥೆಯ ಆಡಿಟ್ಟೆಂದರೆ ಫೀಸು ಕಡಿಮೆ, ತಲೆನೋವು ಜಾಸ್ತಿ. ಹಾಗಾಗಿ ಹಿರಿಯರು ಅದನ್ನು ನಮ್ಮಂಥ ಹೊಸಬರ ಕಡೆ ತಳ್ಳುತ್ತಿದ್ದರು. ಮಾರ್ಚ್ ಮುಗಿದ ಮೇಲೆ ಯಾವುದಾದರೂ ವಿದ್ಯಾರ್ಥಿ ನಿಲಯದ ಉಗ್ರಾಣದ ಪಕ್ಕದ ಕೋಣೆಯಲ್ಲಿ ಕೂತು, ಹುಳಿಯ ಒಗ್ಗರಣೆ ವಾಸನೆಯ ನಡುವೆ, ಕೆಂಪು ಬಟ್ಟೆ ಬೈಂಡಿನ ಖಾತೆ ಪುಸ್ತಕ ತಿರುವಿ ಹಾಕುವುದು ನನ್ನ ಪಾಲಿನ ಬೇಸಿಗೆ.

ಆ ಪುಸ್ತಕಗಳ ಜಮಾ ಕಡೆಯಲ್ಲಿ ಊರಿನ ಮನಸ್ಸೇ ಬರೆದಿತ್ತು. ‘ತಂದೆಯವರ ಸ್ಮರಣಾರ್ಥ ವೈಶಾಖ ಶುದ್ಧ ಪಂಚಮಿ ಒಂದು ದಿನದ ಊಟಕ್ಕೆ ಶಾಶ್ವತ ನಿಧಿ ರೂ. 250.’ ‘ಗುಪ್ತದಾನ ರೂ. 5.’ ‘ಮದುವೆ ಮನೆಯಲ್ಲಿ ಮಿಕ್ಕ ಅಕ್ಕಿ ಅರ್ಧ ಮೂಟೆ.’ ‘ಹಿತ್ತಾಳೆ ಕೊಳದಪ್ಪಲೆ ಒಂದು, ತಳ ಸ್ವಲ್ಪ ಸೀಳು.’ ಕೊಟ್ಟವರಲ್ಲಿ ಹೆಸರು ಬೇಕೆಂದವರಿದ್ದರು, ಬೇಡವೆಂದವರಿದ್ದರು, ಸೀಳು ಬಿಟ್ಟ ಪಾತ್ರೆಯನ್ನು ಪುಣ್ಯದ ಖಾತೆಗೆ ದಾಟಿಸಿದವರೂ ಇದ್ದರು. ತೆಗೆದುಕೊಂಡವರ ಹೆಸರು ಮಾತ್ರ ಜಮಾ ಕಡೆಯಲ್ಲಾಗಲಿ ಖರ್ಚಿನ ಕಡೆಯಲ್ಲಾಗಲಿ ಎಲ್ಲೂ ಇರಲಿಲ್ಲ. ಅಲ್ಲಿ ಇದ್ದದ್ದು ‘ಊಟಕ್ಕೆ ಕೂತವರು 62’ ಎಂಬಂಥ ಒಂದು ಅಂಕಿ, ಅಷ್ಟೆ.

ಆ ಅಂಕಿಯ ಬೆಲೆ ನನಗೆ ಗೊತ್ತಾದದ್ದು ನಮ್ಮ ತಂದೆಯಿಂದ. ಅವರು ವಾರಾನ್ನದ ಹುಡುಗ.

ಕುಣಿಗಲ್ ಕಡೆಯ ಹಳ್ಳಿಯಿಂದ 1930ರ ದಶಕದಲ್ಲಿ ಹೈಸ್ಕೂಲು ಓದಲು ಬಂದವರು ಅವರು. ಮಲಗಲು ಒಂದು ಗುಡಿಯ ಜಗಲಿ, ಓದಲು ಬೀದಿಯ ದೀಪ, ಉಣ್ಣಲು ವಾರದ ಮನೆಗಳು. ಸೋಮವಾರ ವಕೀಲರ ಮನೆ, ಮಂಗಳವಾರ ಪುರೋಹಿತರ ಮನೆ, ಬುಧವಾರ ಹುಜೂರು ಕಚೇರಿಯ ಗುಮಾಸ್ತರ ಮನೆ, ಹೀಗೆ. ಏಳು ದಿನಕ್ಕೂ ಮನೆ ಸಿಕ್ಕವನು ಅದೃಷ್ಟವಂತ. ಅಪ್ಪನಿಗೆ ಶನಿವಾರ ಖಾಲಿ. ಶನಿವಾರ ಯಾವುದಾದರೂ ದೇವಸ್ಥಾನದ ಪ್ರಸಾದ, ಅದಿಲ್ಲದಿದ್ದರೆ ಕಡಲೆಕಾಯಿ, ಅದೂ ಇಲ್ಲದಿದ್ದರೆ ನಲ್ಲಿ ನೀರು.

ಈ ವ್ಯವಸ್ಥೆಯನ್ನು ಹೊಗಳಿ ಬರೆದವರು ಬಹಳ ಮಂದಿ. ಹೊಗಳುವುದಕ್ಕೆ ಕಾರಣವೂ ಇದೆ. ಸಂಬಳ ತಿಂಗಳ ಇಪ್ಪತ್ತಕ್ಕೇ ಮುಗಿದುಹೋಗುವ ಮನೆಯವರು ಕೂಡ ವಾರಕ್ಕೊಂದು ಎಲೆ ಹೆಚ್ಚಿಗೆ ಹಾಕುತ್ತಿದ್ದರು. ಅದು ದೊಡ್ಡ ಉಪಕಾರವೆಂದು ಅವರಿಗೆ ಅನ್ನಿಸುತ್ತಲೂ ಇರಲಿಲ್ಲ. ‘ಇಷ್ಟು ಜನಕ್ಕೆ ಬೇಯಿಸುತ್ತೀವಿ, ಇನ್ನೊಂದು ಮುಷ್ಟಿ ಅಕ್ಕಿ’ ಎನ್ನುವುದು ರೂಢಿ. ವಿದ್ಯಾರ್ಥಿಗೆ ಅನ್ನ ಹಾಕದ ಗೃಹಸ್ಥ ಗೃಹಸ್ಥನೇ ಅಲ್ಲ ಎಂಬ ಅಭಿಪ್ರಾಯ ಬೀದಿಯಲ್ಲೆಲ್ಲ ಇತ್ತು. ಎಷ್ಟೋ ಅಮಲ್ದಾರರು, ಮೇಷ್ಟರು, ಎಂಜಿನಿಯರುಗಳು ತಯಾರಾದದ್ದು ಈ ಹೆಚ್ಚುವರಿ ಎಲೆಯ ಮೇಲೆ.

ಆ ಎಲೆಯ ಮುಂದೆ ಕೂತವನ ಕಡೆಯಿಂದ ನೋಡಿದರೆ ಕಥೆ ಸ್ವಲ್ಪ ಬೇರೆ. ಮನೆಯಲ್ಲಿ ಸೂತಕ ಬಂದರೆ ಆ ವಾರದ ಊಟವಿಲ್ಲ. ಯಜಮಾನರು ಊರಿಗೆ ಹೋದರೆ ಊಟವಿಲ್ಲ. ಅತ್ತೆ ಸೊಸೆಗೆ ಮಾತು ಬಂದ ದಿನ ಊಟವಿದ್ದರೂ ಗಂಟಲಲ್ಲಿ ಇಳಿಯುವುದಿಲ್ಲ. ಏಕಾದಶಿ ಬಂತೆಂದರೆ ಏಳು ಮನೆಯವರೂ ಒಟ್ಟಿಗೆ ಉಪವಾಸ. ಅವರಿಗೆ ಅದು ವ್ರತ, ಹುಡುಗನಿಗೆ ಬರೀ ಹಸಿವು. ಉಂಡ ಎಲೆ ತಾನೇ ಎತ್ತಬೇಕು, ಗೋಮಯ ಹಚ್ಚಬೇಕು. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಹಾಕಿದರೆ ಒಳ್ಳೆಯ ಹುಡುಗ. ಮನೆಯ ಸಣ್ಣ ಮಗನಿಗೆ ಮಗ್ಗಿ ಹೇಳಿಕೊಟ್ಟರೆ ಇನ್ನೂ ಒಳ್ಳೆಯ ಹುಡುಗ. ‘ಸಾಕೇನೋ, ಇನ್ನಷ್ಟು ಹಾಕಲಾ?’ ಎಂದು ಕೇಳಿದಾಗ ‘ಸಾಕಮ್ಮ’ ಎನ್ನುವುದು ಅಪ್ಪನ ಬಾಯಿಗೆ ಎಷ್ಟು ಅಂಟಿತ್ತೆಂದರೆ, ಎಂಬತ್ತು ದಾಟಿದ ಮೇಲೂ ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿ ಬಡಿಸುವಾಗ, ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ವಾರದ ಮನೆಗಳು ಹೆಚ್ಚಾಗಿ ಬ್ರಾಹ್ಮಣರ ಮನೆಗಳು, ಉಣ್ಣುವ ಹುಡುಗರೂ ಅವರೇ. ಮಡಿ ಇದ್ದ ಅಡಿಗೆಮನೆಯ ಬಾಗಿಲಿಗೆ ಬೇರೆ ಜಾತಿಯ ಹುಡುಗ ಬರುವಂತೆಯೇ ಇರಲಿಲ್ಲ. ದಲಿತ ಹುಡುಗನಿಗಂತೂ ಆ ಬೀದಿಯೇ ಅವನದಲ್ಲ. ನಾವು ‘ಆ ಕಾಲದ ಔದಾರ್ಯ’ ಎನ್ನುವುದರ ಗಡಿ ಆ ಕಾಲದ ಹೊಸ್ತಿಲೇ ಆಗಿತ್ತು.

ಇಷ್ಟೊಂದು ಹುಡುಗರು ಬೆಂಗಳೂರಿಗೆ ಯಾಕೆ ಬರತೊಡಗಿದರು? ಸೆಂಟ್ರಲ್ ಕಾಲೇಜು ಇಲ್ಲಿತ್ತು. ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಬೇಕಾಗಿತ್ತು, ಇಂಗ್ಲಿಷಿಗೆ ಹೈಸ್ಕೂಲು ಬೇಕಾಗಿತ್ತು, ಹಳ್ಳಿಯಲ್ಲಿ ಹೈಸ್ಕೂಲಿರಲಿಲ್ಲ. 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು. 1898ರ ಪ್ಲೇಗು ಹಳೇ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಓಡಿಸಿದಾಗ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಅಗಲ ಬೀದಿ, ಹಿತ್ತಲು, ಬಾವಿ, ಮುಂದೊಂದು ಜಗಲಿ ಇದ್ದ ಈ ಹೊಸ ಬಡಾವಣೆಗಳಲ್ಲಿ ಸಂಬಳದಾರರು ಸೇರಿದರು, ಅವರ ಹಿಂದೆಯೇ ವಾರಾನ್ನದ ಹುಡುಗರು ಬಂದರು.

ಅದಕ್ಕೂ ಮುಂಚೆ ಬೆಂಗಳೂರಿನ ದುಡ್ಡಿದ್ದವರಿಗೆ ದಾನವೆಂದರೆ ಕೆರೆ, ಛತ್ರ, ಗುಡಿ, ಅರವಟ್ಟಿಗೆ. ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ ಮಲ್ಲಪ್ಪ ಶೆಟ್ಟರು ಹಳೇ ಮದ್ರಾಸು ರಸ್ತೆಯ ಕಡೆ ಕೆರೆ ಕಟ್ಟಿಸಿದರು. ಇವತ್ತಿಗೂ ಅದು ಎಲೆ ಮಲ್ಲಪ್ಪ ಶೆಟ್ಟಿ ಕೆರೆ. ದಾನಿಯ ಹೆಸರಿಗೆ ಅವರ ಕಸುಬೂ ಸೇರಿಕೊಂಡು ಉಳಿದುಬಿಟ್ಟಿದೆ. ಇಂಥ ದಾನಕ್ಕೆ ಒಂದು ದೊಡ್ಡ ಗುಣವಿತ್ತು: ಕೆರೆಯ ನೀರು ಕುಡಿಯುವ ದನಕ್ಕಾಗಲಿ ಬಿತ್ತುವ ರೈತನಿಗಾಗಲಿ ಶೆಟ್ಟರ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ.

1876ರಿಂದ 78ರವರೆಗಿನ ಬರ, ಹಳಬರು ‘ಧಾತು ಈಶ್ವರ ಸಂವತ್ಸರದ ಬರ’ ಎನ್ನುತ್ತಿದ್ದುದು, ಮೈಸೂರು ಸಂಸ್ಥಾನದ ಹತ್ತಿರ ಹತ್ತಿರ ಐದನೇ ಒಂದು ಪಾಲು ಜನರನ್ನು ತೆಗೆದುಕೊಂಡು ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ಗಂಜಿಗೆ ಸಾಲು ನಿಂತಿತು. ಮನೆ ಬಾಗಿಲ ಭಿಕ್ಷೆ, ಗುಡಿಯ ಪ್ರಸಾದ ಯಾವುದೂ ಸಾಲದ ಹಸಿವನ್ನು ಊರು ಕಣ್ಣಾರೆ ಕಂಡಿತು. ಅದಕ್ಕೆ ಸ್ವಲ್ಪ ಮುಂಚೆ, 1873ರಲ್ಲಿ, ದಂಡಿನ ಕಡೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡಮಕ್ಕಳಿಗೆ ಶಾಲೆ ತೆರೆದಿದ್ದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಹಸಿದವನಿಗೆ ಒಂದು ಹೊತ್ತಿನ ಅನ್ನ ಎನ್ನುವುದರಿಂದ, ನಿತ್ಯ ನಡೆಯುವ ಒಂದು ವ್ಯವಸ್ಥೆ ಎನ್ನುವ ಕಡೆಗೆ ಊರಿನ ಯೋಚನೆ ಹೊರಳಿದ್ದು ಈ ದಶಕಗಳಲ್ಲಿ.

ಆ ಹೊರಳುವಿಕೆಯನ್ನು ಒಬ್ಬರ ಬದುಕಿನಲ್ಲೇ ನೋಡಬೇಕೆಂದರೆ ಗುಬ್ಬಿ ತೋಟದಪ್ಪನವರು ಇದ್ದಾರೆ. ಹುಟ್ಟಿದ್ದು 1838ರಲ್ಲಿ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಕೈತುಂಬ ಗಳಿಸಿದರು. ಮಕ್ಕಳಿರಲಿಲ್ಲ. ಆ ಕಾಲದಲ್ಲಿ ಮಕ್ಕಳಿಲ್ಲದ ಸಾಹುಕಾರರ ಮುಂದೆ ಎರಡು ದಾರಿ: ದತ್ತು ತೆಗೆದುಕೊಳ್ಳುವುದು, ಇಲ್ಲವೇ ದೇವರಿಗೆ ಬರೆಯುವುದು. ತೋಟದಪ್ಪನವರು ರೈಲ್ವೆ ಸ್ಟೇಷನ್ನಿನ ಎದುರು ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಬಾಗಿಲು ತೆರೆಯಿತು.

ಜಾಗದ ಆಯ್ಕೆಯಲ್ಲೇ ವ್ಯಾಪಾರಿಯ ಬುದ್ಧಿ ಕಾಣುತ್ತದೆ. ಹಿಂದೆ ಛತ್ರಗಳು ಊರ ಹೆಬ್ಬಾಗಿಲ ಹತ್ತಿರ, ಎತ್ತಿನ ಗಾಡಿ ನಿಲ್ಲುವ ಕಡೆ, ಯಾತ್ರೆಯ ದಾರಿಯಲ್ಲಿ ಇರುತ್ತಿದ್ದವು. ಇನ್ನು ಮೇಲೆ ಜನ ಬರುವುದು ರೈಲಿನಲ್ಲಿ ಎಂದು ತೋಟದಪ್ಪನವರು ಲೆಕ್ಕ ಹಾಕಿದರು. ಹಳ್ಳಿಯಿಂದ ಕೋರ್ಟಿಗೆ, ಆಸ್ಪತ್ರೆಗೆ, ಸಂತೆಗೆ ಬಂದವನು ರೈಲಿಳಿದು ರಸ್ತೆ ದಾಟಿದರೆ ತಲೆಯ ಮೇಲೊಂದು ಸೂರು. ಸ್ಟೇಷನ್ನಿನ ಎದುರಿನ ನೆಲದ ಬೆಲೆ ಮುಂದೆ ಎಲ್ಲಿಗೆ ಹೋಯಿತೆಂದು ಮೆಜೆಸ್ಟಿಕ್ಕಿನಲ್ಲಿ ಓಡಾಡುವ ಯಾರಿಗೂ ವಿವರಿಸಬೇಕಾಗಿಲ್ಲ.

ಪ್ರಯಾಣಿಕರಿಗೆ ಛತ್ರ, ಹಳ್ಳಿಯಿಂದ ಬಂದ, ಮುಖ್ಯವಾಗಿ ವೀರಶೈವ, ವಿದ್ಯಾರ್ಥಿಗಳಿಗೆ ಉಚಿತ ನಿಲಯ: ಇದು ಅವರ ಧರ್ಮದ ಎರಡು ಕಾಲು. ತಮ್ಮ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಒಪ್ಪಿಸಿ, ಅದರ ಮೇಲ್ವಿಚಾರಣೆಗೆ ಕೆ.ಪಿ. ಪುಟ್ಟಣ್ಣ ಚೆಟ್ಟರಂಥವರು ಇರುವಂತೆ ನೋಡಿಕೊಂಡರು. ಪುಟ್ಟಣ್ಣ ಚೆಟ್ಟರು ಸರ್ಕಾರದ ಅಧಿಕಾರಿಯಾಗಿ ಮೇಲೇರಿ ಬಂದವರು, ಆಮೇಲೆ ಬೆಂಗಳೂರು ಪುರಸಭೆಯ ಅಧ್ಯಕ್ಷರು. 1935ರಲ್ಲಿ ತೆರೆದ ಪುರಭವನ ಅವರ ಹೆಸರಿನದು. 1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದು ಕೊಟ್ಟರು, 1910ರಲ್ಲಿ ಬ್ರಿಟಿಷರು ‘ರಾವ್ ಬಹದ್ದೂರ್’ ಎಂದರು. ಅದೇ ವರ್ಷ ಅವರು ತೀರಿಕೊಂಡರು.

ಆಡಿಟ್ ಕಚೇರಿಯವನಾಗಿ ನಾನು ಇದರಲ್ಲಿ ಮೆಚ್ಚುವ ಅಂಶ ಒಂದುಂಟು. ದಾನಿ ಸತ್ತ ಮೇಲೆ ದಾನ ನಿಲ್ಲಲಿಲ್ಲ. ದಾನಿ ಬದುಕಿದ್ದರೂ ಹುಡುಗರು ಅವರ ಮನೆಗೆ ಹೋಗಿ ‘ಇವತ್ತು ಊಟ ಇದೆಯಾ?’ ಎಂದು ಕೇಳಬೇಕಾಗಿರಲಿಲ್ಲ. ಗಂಟೆ ಹೊಡೆದರೆ ಊಟ. ಅಡಿಗೆಯವನಿಗೆ ಸಂಬಳ, ಅಕ್ಕಿ ಅಂಗಡಿಗೆ ಬಿಲ್ಲು, ಬಿಲ್ಲಿಗೆ ವೋಚರು, ವೋಚರಿಗೆ ಟ್ರಸ್ಟಿಯ ಸಹಿ. ಯಾರ ಮನೆಯ ಸೂತಕವೂ ಈ ಊಟವನ್ನು ನಿಲ್ಲಿಸುವುದಿಲ್ಲ. ಹುಡುಗ ಎರಡನೇ ಸಲ ಅನ್ನ ಹಾಕಿಸಿಕೊಂಡರೆ ಯಾರ ಮುಖವೂ ಗಂಟಿಕ್ಕುವುದಿಲ್ಲ. ಗಂಟಿಕ್ಕಿದರೂ ಅದು ಅಡಿಗೆ ಭಟ್ಟರ ಮುಖ, ಅನ್ನದಾತರದಲ್ಲ.

ಆ ನಿಲಯದಲ್ಲಿದ್ದುಕೊಂಡು 1920ರ ದಶಕದ ಕೊನೆಗೆ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ಮಠದಲ್ಲಿ ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನ ಅಕ್ಷರ ಆಸರೆ ಕೊಟ್ಟು 2019ರಲ್ಲಿ ಲಿಂಗೈಕ್ಯರಾದರು. ತೋಟದಪ್ಪನವರು ತೀರಿಕೊಂಡಾಗ ಆ ಹುಡುಗನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಕೊಟ್ಟವರು, ಉಂಡವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ, ನೋಡುವ ಅಗತ್ಯವೂ ಬರಲಿಲ್ಲ.

ತೋಟದಪ್ಪನವರದು ಒಂಟಿ ಉದಾಹರಣೆಯೇನಲ್ಲ. ‘ಜನೋಪಕಾರಿ’ ಬಿರುದಿನ ದೊಡ್ಡಣ್ಣ ಶೆಟ್ಟರು ಶ್ರೀ ಲಕ್ಷ್ಮೀನರಸಿಂಹ ಚಾರಿಟೀಸ್ ಸ್ಥಾಪಿಸಿ ಶಾಲೆ ನಡೆಸಿದರು. ಕಲಾಸಿಪಾಳ್ಯದ ದೊಡ್ಡಣ್ಣ ಹಾಲಿನ ದೊಡ್ಡಣ್ಣ ಇವರೇ. ಮುಂದೆ ಆ ಜಾಗ ಪ್ಯಾರಾಮೌಂಟ್ ಚಿತ್ರಮಂದಿರವಾಯಿತು. 1934ರ ಮಾರ್ಚಿನಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು ಅಲ್ಲೇ. ವಿಶ್ವೇಶ್ವರಪುರದ ಸುಬ್ರಹ್ಮಣ್ಯ ದೇವಸ್ಥಾನ ಕಟ್ಟಿಸಿದ ಸಜ್ಜನ್ ರಾಯರ ಹೆಸರು ಒಂದು ವೃತ್ತಕ್ಕೆ ಉಳಿದಿದೆ. ಇವತ್ತು ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಅವರೆಬೇಳೆ ದೋಸೆಗೆ ಹೋಗುವವರು. ಬಿರುದು ಮರೆತುಹೋಗುತ್ತದೆ, ಕಲ್ಲಿನ ಫಲಕಕ್ಕೆ ಸುಣ್ಣ ಮೆತ್ತಿಕೊಳ್ಳುತ್ತದೆ, ಕೊನೆಗೆ ದಾನಿ ಬಸ್ ಸ್ಟಾಪಾಗಿ ಉಳಿಯುತ್ತಾರೆ. ಕಂಡಕ್ಟರು ದಿನಕ್ಕೆ ಹತ್ತು ಸಲ ಹೆಸರು ಕೂಗುವ ಭಾಗ್ಯ ಎಷ್ಟು ಮಹಾರಾಜರಿಗಿದೆ?

ಬಿರುದಿನ ಆಸೆಗೆ ಕೊಟ್ಟರು ಎಂಬ ಕೊಂಕು ಆ ಕಾಲದಲ್ಲೂ ಇತ್ತು. ಇರಲಿ ಬಿಡಿ. ಸಂಸ್ಥಾನದ ಬೊಕ್ಕಸಕ್ಕೆ ಬಿರುದಿನಿಂದ ಕಾಸೂ ಖರ್ಚಿರಲಿಲ್ಲ; ಊರಿಗೆ ಶಾಲೆ, ಛತ್ರ ಸಿಕ್ಕವು. ಕೊಡುವವನ ಮನಸ್ಸಿನ ಶುದ್ಧಿಯನ್ನು ತೂಗುವ ತಕ್ಕಡಿ ಯಾವ ಆಡಿಟರ ಹತ್ತಿರವೂ ಇಲ್ಲ.

ನನಗೆ ತಕರಾರಿರುವುದು ಬೇರೆ ಕಡೆ. ಹಾಸ್ಟೆಲುಗಳು ಅನ್ನದಾತರ ಮುಖವನ್ನು ಮರೆಮಾಡಿದವು ಸರಿ, ಆದರೆ ಬಾಗಿಲಲ್ಲಿ ಜಾತಿಯ ಮುಖ ನೋಡತೊಡಗಿದವು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಕೇಂದ್ರ ಸಂಘ ಹುಟ್ಟಿದವು. ಆಮೇಲೆ ಒಂದೊಂದು ಸಮುದಾಯದ ಹೆಸರಿನಲ್ಲೂ ವಿದ್ಯಾರ್ಥಿ ನಿಲಯಗಳು ಎದ್ದವು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದ ಕಾಲ ಅದು. ಅದನ್ನು ಸರಿಪಡಿಸುವ ದಾರಿ ಹುಡುಕಲು 1918ರಲ್ಲಿ ಮಿಲ್ಲರ್ ಸಮಿತಿಯೇ ಕೂರಬೇಕಾಯಿತು. ಮೀಸಲಾತಿ ಕೊಟ್ಟರೆ ಸಾಲದು, ಆ ಕುರ್ಚಿಯಲ್ಲಿ ಕೂರಲು ಓದಿದ ಹುಡುಗರು ಬೇಕು. ಹುಡುಗರು ಓದಲು ಪಟ್ಟಣದಲ್ಲಿ ಅನ್ನ ಬೇಕು. ವಾರಾನ್ನದ ಹೊಸ್ತಿಲು ಯಾರಿಗೆ ಮುಚ್ಚಿತ್ತೋ ಅವರು ತಮ್ಮ ಅಡಿಗೆಮನೆ ತಾವೇ ಕಟ್ಟಿಕೊಂಡರು. ಇದನ್ನು ಜಾತೀಯತೆ ಎಂದು ಮೂಗು ಮುರಿಯುವವರು ಮೊದಲು ಆ ಹೊಸ್ತಿಲ ಮಾತಾಡಬೇಕು. ಆದರೂ ತೀರ ಕೆಳಗಿದ್ದ, ಜೊತೆಗೆ ಸಾಹುಕಾರರೂ ಇಲ್ಲದ ಜಾತಿಗಳ ಹುಡುಗರಿಗೆ ಈ ಏರ್ಪಾಟಿನಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಅವರ ಪಾಲಿಗೆ ದೊಡ್ಡ ಪ್ರಮಾಣದಲ್ಲಿ ಹಾಸ್ಟೆಲು ಬಂದದ್ದು ಸರ್ಕಾರ ತನ್ನ ದುಡ್ಡಿನಲ್ಲಿ ಕಟ್ಟಿಸತೊಡಗಿದ ಮೇಲೆಯೇ.

ಹೆಂಗಸರ ದಾನ ಈ ಫಲಕಗಳಲ್ಲಿ ಕಾಣುವುದಿಲ್ಲ, ಅದು ಡಬ್ಬಿಯಲ್ಲಿರುತ್ತಿತ್ತು. ಶಂಕರಪುರದ ನಮ್ಮ ಅಜ್ಜಿಯ ಅಡಿಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಒಂದು ಸಣ್ಣ ತಗಡಿನ ಡಬ್ಬಿ. ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಿಗೆ. ಅಳತೆಗೆ ಮುಂಚೆ ತೆಗೆದರೆ ಅದು ಯಜಮಾನರ ದಾನ, ಅಳೆದ ಮೇಲೆ ತೆಗೆದರೆ ತನ್ನ ಪಾಲಿನ ತುತ್ತಿನ ದಾನ, ಇದು ಅಜ್ಜಿಯ ಶಾಸ್ತ್ರ. ಭಾನುವಾರ ಒಬ್ಬ ಹುಡುಗ ಚೀಲ ಹಿಡಿದು ಬಂದು ಮುಷ್ಟಿ ಅಕ್ಕಿ ಒಯ್ಯುತ್ತಿದ್ದ. ಅಜ್ಜಿಯ ಕೈಯಲ್ಲಿ ಕಾಸು ಓಡಾಡುತ್ತಿರಲಿಲ್ಲ. ಅವರ ಹಿಡಿತದಲ್ಲಿದ್ದದ್ದು ಆ ಅಕ್ಕಿಯ ಪಾವು ಮಾತ್ರ.

ಹೆಂಗಸರಿಗಾಗಿ ಕೊಡುವ ದಾನ ಇನ್ನೂ ಕಷ್ಟದ್ದು. ಹುಡುಗ ಓದಿದರೆ ಊರಿಗೊಬ್ಬ ಅಮಲ್ದಾರ. ವಿಧವೆ ಓದಿದರೆ ಊರಿಗೊಂದು ಹರಟೆಯ ವಸ್ತು. ಅಂಥ ಕಾಲದಲ್ಲಿ, 1905ರಲ್ಲಿ, ಚಕ್ರವರ್ತಿ ವೆಂಕಟವರದ ಅಯ್ಯಂಗಾರರು ಅಬಲಾಶ್ರಮ ಕಟ್ಟಿದರು. ವಿಧವೆಯರಿಗೂ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೂ ಬಸವನಗುಡಿಯಲ್ಲಿ ಸಿಕ್ಕ ಸೂರು ಅದು. 1913ರಲ್ಲಿ ಮಹಿಳಾ ಸೇವಾ ಸಮಾಜ ಬಂತು. ಅಲ್ಲಿ ಹೆಂಗಸರು ತಾವೇ ಮುಂದೆ ನಿಂತು ನಡೆಸಿದರು. ಕೇಶಮುಂಡನ ಮಾಡಿಸಿಕೊಂಡ ಹುಡುಗಿಯನ್ನು ಶಾಲೆಗೆ ಕಳಿಸುವ ಸಂಸ್ಥೆಗೆ ಹತ್ತು ರೂಪಾಯಿ ಕೊಡಲು, ಅದೇ ಬೀದಿಯಲ್ಲಿ ರಾಮೋತ್ಸವಕ್ಕೆ ನೂರು ಕೊಡುವುದಕ್ಕಿಂತ ಹೆಚ್ಚು ಎದೆ ಬೇಕಾಗಿತ್ತು.

ರಾಮೋತ್ಸವದ ಚಂದಾಕ್ಕೆ ಈ ಬಡಾವಣೆಗಳಲ್ಲಿ ಎಂದೂ ಬರ ಬಂದಿಲ್ಲ. 1939ರಲ್ಲಿ ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ ಶುರುಮಾಡಿದ ಸಂಗೀತ ಕಛೇರಿಗಳು ದೇಶಕ್ಕೇ ಹೆಸರಾದವು. ಪಾನಕ, ಕೋಸಂಬರಿ, ನೀರು ಮಜ್ಜಿಗೆ ಕೊಡುವಾಗ ಯಾರೂ ಯಾರ ಜಾತಿಯನ್ನೂ ವರಮಾನವನ್ನೂ ಕೇಳುವುದಿಲ್ಲ; ಕಾರಿನಲ್ಲಿ ಬಂದವರೂ ಲೋಟ ಒಡ್ಡುತ್ತಾರೆ.

ಚಂದಾ ಎತ್ತುವುದು ಒಂದು ಕಲೆ. ಚಂದಾ ಪುಸ್ತಕದ ಮೊದಲ ಪುಟದಲ್ಲಿ ಯಾರ ಹೆಸರಿದೆ ಎನ್ನುವುದರ ಮೇಲೆ ಇಡೀ ಪುಸ್ತಕದ ಹಣೆಬರಹ ನಿಂತಿದೆ. ಅನುಭವಸ್ಥರು ಮೊದಲು ಬೀದಿಯ ದೊಡ್ಡ ವಕೀಲರ ಹತ್ತಿರವೋ ಡಾಕ್ಟರ ಹತ್ತಿರವೋ ಹೋಗಿ ನೂರೊಂದು ಬರೆಸಿಕೊಳ್ಳುತ್ತಾರೆ. ಎರಡನೆಯವರು ಆ ಸಾಲು ನೋಡಿ ಐವತ್ತೊಂದಕ್ಕಿಂತ ಕೆಳಗಿಳಿಯಲು ನಾಚುತ್ತಾರೆ. ಅಪ್ಪಿತಪ್ಪಿ ಮೊದಲ ಸಾಲಿನಲ್ಲಿ ಐದು ಬಿದ್ದರೆ ಇಡೀ ಬೀದಿ ಐದಕ್ಕೇ ನಿಂತುಬಿಡುತ್ತದೆ. ನಾನು ನೋಡಿದ ಒಂದು ಪುಸ್ತಕದಲ್ಲಿ ಮೊದಲ ಸಾಲಿನ ನೂರೊಂದು ಕೊನೆಯವರೆಗೂ ವಸೂಲಾಗಿರಲಿಲ್ಲ. ಮಿಕ್ಕವರದೆಲ್ಲ ಪಾವತಿಯಾಗಿತ್ತು. ಕಾರ್ಯದರ್ಶಿಯವರನ್ನು ಕೇಳಿದೆ. ‘ಅವರು ಕೊಡೋದು ಬೇಡ ಸಾರ್, ಬರೆದರೆ ಸಾಕು’ ಎಂದರು.

ಹೀಗೆ ಎತ್ತಿದ ಕಾಸಿನ ಜೊತೆಗೇ ಇಲ್ಲಿಯ ದೊಡ್ಡ ಸಂಸ್ಥೆಗಳೂ ಬೆಳೆದವು. 1917ರಲ್ಲಿ ಶುರುವಾದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಒಬ್ಬ ಹುಡುಗ ನಡೆದುಕೊಂಡು ಬಂದ, ಬಸ್ಸಿಗೆ ದುಡ್ಡಿಲ್ಲದೆ. ಮುಂದೆ ಅವನೇ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ. ಮನೆ ಮಾಡಲಿಲ್ಲ, ಮದುವೆಯಾಗಲಿಲ್ಲ, ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಮುಗಿಸಿದರು. ಪಕ್ಕದ ಬುಲ್ ಟೆಂಪಲ್ ರಸ್ತೆಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ನಾಡಿನ ಜನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ 90,000 ರೂಪಾಯಿಯ ಹಮ್ಮಿಣಿ ಅರ್ಪಿಸಿದಾಗ ಅವರು ಅದನ್ನು ಆ ಸಂಸ್ಥೆಗೇ ಕೊಟ್ಟರು. ಆ ದುಡ್ಡಿಗೆ ಆಗ ಬಸವನಗುಡಿಯಲ್ಲಿ ಒಳ್ಳೆಯ ಮನೆಯೇ ಬರುತ್ತಿತ್ತು.

ಇಲ್ಲಿ ಲೆಕ್ಕದ ಮಾತೊಂದು ಹೇಳದಿದ್ದರೆ ನನ್ನ ಕಸುಬಿಗೆ ಅನ್ಯಾಯ. ಮೊದಲು ಹೇಳಿದ ‘ಶಾಶ್ವತ ನಿಧಿ ರೂ. 250’ ನೆನಪಿಸಿಕೊಳ್ಳಿ. ಶೇಕಡಾ ನಾಲ್ಕರ ಬಡ್ಡಿಯಲ್ಲಿ ವರ್ಷಕ್ಕೆ 10 ರೂಪಾಯಿ. 1950ರ ದಶಕದಲ್ಲಿ ಆ ಹತ್ತರಲ್ಲಿ ಮಕ್ಕಳಿಗೆ ಒಂದು ಪಾಯಸವನ್ನಾದರೂ ಮಾಡಿಸಬಹುದಿತ್ತು. ಇವತ್ತು ಅದೇ ಹತ್ತಕ್ಕೆ ಗಾಂಧಿಬಜಾರಿನಲ್ಲಿ ಅರ್ಧ ಕಾಫಿಯೂ ಬರುವುದಿಲ್ಲ. ದಾನಿ ‘ಆಚಂದ್ರಾರ್ಕ’ ಎಂದು ಬರೆಸಿದ್ದನ್ನು ಬೆಲೆಯೇರಿಕೆ ಐವತ್ತು ವರ್ಷದಲ್ಲಿ ತಿಂದು ಮುಗಿಸಿತು. ಆದರೂ ಒಳ್ಳೆಯ ಸಂಸ್ಥೆಗಳು ವೈಶಾಖ ಶುದ್ಧ ಪಂಚಮಿಯಂದು ಆ ಹೆಸರನ್ನು ಬೋರ್ಡಿನಲ್ಲಿ ಬರೆಯುತ್ತವೆ. ಊಟದ ಖರ್ಚು ಬೇರೆಲ್ಲಿಂದಲೋ ಬರುತ್ತದೆ.

ನಗದು ಕೊಟ್ಟವರ ದಾನ ಕರಗಿತು, ನೆಲ ಕೊಟ್ಟವರ ದಾನ ನಿಂತಿತು. ಹಾಗೆಂದು ಎಲ್ಲ ನೆಲವೂ ಕಾಯಲಿಲ್ಲ. ಪೇಟೆಯಲ್ಲಿ ಮಳಿಗೆಗಳಿದ್ದ ಎಷ್ಟೋ ಟ್ರಸ್ಟುಗಳು 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ನೆರಳಲ್ಲಿ ದಶಕಗಟ್ಟಲೆ ಹಳೇ ಬಾಡಿಗೆಯನ್ನೇ ಎಣಿಸಿದವು. ಕೋಟಿ ವಹಿವಾಟಿನ ಅಂಗಡಿ, ತಿಂಗಳಿಗೆ ಮೂರಂಕಿಯ ಬಾಡಿಗೆ. ಅದೇ ಟ್ರಸ್ಟಿನ ಹಾಸ್ಟೆಲಿನಲ್ಲಿ ಹುಡುಗರಿಗೆ ನೀರು ಮಜ್ಜಿಗೆ. ಟ್ರಸ್ಟಿಗಳು ಹುಷಾರಾಗಿದ್ದ ಕಡೆ ಆಸ್ತಿ ಬೆಳೆಯಿತು, ನಿದ್ದೆ ಹೋದ ಕಡೆ ಒಳಬಾಡಿಗೆಯವರು ಬೆಳೆದರು. ದಾನಿಯ ಹೃದಯ ಎಷ್ಟೇ ದೊಡ್ಡದಿರಲಿ, ಸಂಸ್ಥೆ ಉಳಿಯುವುದು ಮೂರನೇ ತಲೆಮಾರಿನ ಕಾರ್ಯದರ್ಶಿಯ ಶಿಸ್ತಿನಿಂದ.

ಈಗ ಬೆಂಗಳೂರಿನ ದಾನದ ಅಂಕಿಗಳು ಬೇರೆ. ಮಲ್ಲೇಶ್ವರದ ಆಚೆ ಬದಿಗೆ ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪ ಮತ್ತು ಸಂಪತ್ತು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ ಸೇರಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಾಯಿತು. ಅದೇ ಸಂಸ್ಥೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆ, ವೈದ್ಯಕೀಯ ಶಾಲೆಗೆಂದು 425 ಕೋಟಿ ಕೊಟ್ಟರು. 2013ರ ಕಂಪನಿ ಕಾಯಿದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ದುಡ್ಡಿನ ಪ್ರಮಾಣದಲ್ಲಿ ಹಳೇ ಸಾಹುಕಾರರು ಈಗಿನವರ ಹತ್ತಿರಕ್ಕೂ ಬರುವುದಿಲ್ಲ.

ನನಗೆ ಕಸಿವಿಸಿಯಾಗುವುದು ದೊಡ್ಡ ದಾನಗಳಿಂದಲ್ಲ, ಸಣ್ಣವುಗಳಿಂದ. ಹತ್ತು ನೋಟ್‌ಬುಕ್, ಒಂದು ಬ್ಯಾಗು, ಹಿಂದೆ ಬ್ಯಾನರು, ಮುಂದೆ ಮಗು. ಮಗು ನಗಬೇಕು, ಕ್ಯಾಮೆರಾ ನೋಡಬೇಕು. ಫೋಟೋ ಆ ಸಂಜೆಯೇ ನೂರು ಮೊಬೈಲಿಗೆ ಹೋಗುತ್ತದೆ. ನೂರು ವರ್ಷ ಕಷ್ಟಪಟ್ಟು ಊರು ಕಲಿತಿದ್ದ ಒಂದು ನಯ, ಕೊಡುವವರ ಎದುರು ತೆಗೆದುಕೊಳ್ಳುವವರನ್ನು ನಿಲ್ಲಿಸಬಾರದೆಂಬ ನಯ, ಎಂಟು ಸಾವಿರದ ಫೋನು ಬಂದ ಕೂಡಲೇ ಕೈತಪ್ಪಿತು. ಅಪ್ಪನ ಕಾಲದಲ್ಲಿ ವಾರಾನ್ನದ ಹುಡುಗನನ್ನು ಏಳು ಮನೆಯವರು ನೋಡುತ್ತಿದ್ದರು. ಈ ಮಗುವನ್ನು ಇಡೀ ಬಡಾವಣೆ ನೋಡುತ್ತದೆ.

ಅಪ್ಪ ನೌಕರಿಗೆ ಸೇರಿದ ಮೇಲೆ ಪ್ರತಿ ಜೂನ್‌ನಲ್ಲಿ ಒಂದು ವಿದ್ಯಾರ್ಥಿ ನಿಲಯಕ್ಕೆ ದುಡ್ಡು ಕೊಡುತ್ತಿದ್ದರು. ರಸೀದಿಯಲ್ಲಿ ‘ಗುಪ್ತದಾನ’ ಎಂದೇ ಬರೆಸುತ್ತಿದ್ದರು. ತೆರಿಗೆ ವಿನಾಯಿತಿ ಸಿಗುತ್ತದೆ, ಹೆಸರು ಬರೆಸಿ ಎಂದು ನಾನು ಹೇಳಿದ್ದುಂಟು. ‘ಆ ಹುಡುಗ ನಾಳೆ ರಸ್ತೇಲಿ ಎದುರು ಸಿಕ್ಕಿದರೆ ಸುಮ್ಮನೆ ಹೋಗಬೇಕು ಕಣೋ, ನಮಸ್ಕಾರ ಹೊಡೀಬಾರದು’ ಎಂದರು. ನಮ್ಮ ಕಚೇರಿಯ ಯಾವ ಹಿರಿಯರೂ ದಾನದ ಬಗ್ಗೆ ನನಗೆ ಅಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿರಲಿಲ್ಲ.

ಅಪ್ಪನ ಆ ನಿಯಮಕ್ಕೆ ಈಗ ಹೆಚ್ಚು ಹತ್ತಿರವಿರುವುದು ಯಾವ ಟ್ರಸ್ಟೂ ಅಲ್ಲ, ಸರ್ಕಾರಿ ಶಾಲೆಯ ಬಿಸಿಯೂಟ. 2001ರಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2002ರ ಜೂನ್‌ನಲ್ಲಿ ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ನಾಡಿಗೆಲ್ಲ ಹಬ್ಬಿತು. ಆ ಅನ್ನಕ್ಕೆ ದಾನಿಯ ಹೆಸರಿಲ್ಲ. ಬೆಂಕಿಪೊಟ್ಟಣ ಕೊಂಡವರೆಲ್ಲ ಅದಕ್ಕೆ ಕಾಸು ಹಾಕಿದ್ದಾರೆ. ಮಗು ಜಾತಿ ಹೇಳಬೇಕಾಗಿಲ್ಲ, ನೀರು ಸೇದಬೇಕಾಗಿಲ್ಲ. ಇನ್ನಷ್ಟು ಹಾಕಿ ಎಂದು ತಟ್ಟೆ ಚಾಚಬಹುದು. ಸಾರು ತೆಳ್ಳಗಿದ್ದರೆ ದೂರನ್ನೂ ಕೊಡಬಹುದು. ವಾರಾನ್ನದ ಹುಡುಗ ಸಾರು ತೆಳ್ಳಗಿದೆ ಎಂದಿದ್ದರೆ ಅವನಿಗೆ ಶನಿವಾರದ ಜೊತೆ ಇನ್ನೊಂದು ವಾರವೂ ಖಾಲಿಯಾಗುತ್ತಿತ್ತು.

ಹಾಗಂತ ದಾನಿಗಳ ಕಾಲ ಮುಗಿಯಿತು ಎನ್ನಲಾರೆ. ಕಾಲೇಜಿನ ಹುಡುಗಿಗೆ ಹಾಸ್ಟೆಲು, ಬೇನೆ ಬಿದ್ದವರಿಗೆ ಔಷಧಿ, ಮುದುಕರಿಗೊಂದು ಜಾಗ ಎಲ್ಲಕ್ಕೂ ಈಗಲೂ ದುಡ್ಡು ಸಾಲದು. ಕೊಡಬೇಕೆಂದು ನನ್ನನ್ನು ಕೇಳಲು ಬರುವ ನೆರೆಹೊರೆಯವರಿಗೆ ನಾನು ಹೇಳುವುದು ಮೂರು ಮಾತು. ಮೊದಲು ಆ ಸಂಸ್ಥೆಯ ಕಳೆದ ವರ್ಷದ ಆಡಿಟ್ ವರದಿ ಕೇಳಿ, ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ನಿಮ್ಮ ತಂದೆಯ ತಿಥಿಯ ಒಂದು ದಿನಕ್ಕೆಂದು ಕಟ್ಟುಹಾಕದೆ ಅವರಿಗೆ ಬೇಕಾದ ಖರ್ಚಿಗೆ ಬಿಟ್ಟುಕೊಡಿ. ಕರೆಂಟು ಬಿಲ್ಲಿಗೂ ಪುಣ್ಯವಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇವೆ, ನೀವೇ ಬಂದು ಹಂಚಿ ಎಂದು ಕರೆದರೆ ಮಾತ್ರ, ಆ ಹೊತ್ತು ಶಾಲೆಯ ಪಾಠದ ಹೊತ್ತು ಎಂದು ಹೇಳಿ ಚೆಕ್ಕನ್ನು ಅಂಚೆಯಲ್ಲಿ ಕಳಿಸಿ.